ಮಾದರಿ ರೈಲಿಗೆ ಕಂಪ್ಯೂಟರ್ ನಿಯಂತ್ರಣ: ಯಾವ ತಂತ್ರಾಂಶ ಹಿಡಿಯಲಿ, ಎಲ್ಲಿಂದ ಕಲಿಯಲಿ?

ಮಲೆಗಾಡಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಮಹಡಿಯ ಕೋಣೆಯಲ್ಲಿ ಎಚ್‌ಒ ಅಳತೆಯ (ಅಸಲಿನ 87ರಲ್ಲಿ ಒಂದು ಪಾಲು) ಹಳಿ ಹಾಕಿದ್ದೇನೆ. ಒಂದರೊಳಗೊಂದು ಎರಡು ಸುತ್ತು, ಮೂರು ಲೈನುಗಳ ನಿಲ್ದಾಣ, ಪಕ್ಕದಲ್ಲಿ ಪುಟ್ಟ ಗೂಡ್ಸ್ ಯಾರ್ಡ್. ಎಂಜಿನ್‌ಗಳೆಲ್ಲವೂ ಡಿಸಿಸಿ, ಅಂದರೆ ಹಳಿಯ ಮೂಲಕ ಬರುವ ಡಿಜಿಟಲ್ ಆಜ್ಞೆಗೆ ಓಡುವಂಥವು. ಇದುವರೆಗೆ ಥ್ರಾಟಲ್ (ವೇಗ ನಿಯಂತ್ರಕ) ಹಿಡಿದು ಕೈಯಿಂದಲೇ ಓಡಿಸಿದ್ದಾಯಿತು. ಈಗಿನ ಆಸೆ ಇಷ್ಟೇ: ಎರಡು ಪ್ಯಾಸೆಂಜರ್ ಗಾಡಿಗಳು ತಮ್ಮ ಪಾಡಿಗೆ ತಾವು ಓಡುತ್ತ, ನಿಲ್ದಾಣದಲ್ಲಿ ನಿಂತು ಹೊರಡುತ್ತ ಇರಬೇಕು. ನಾನು ಯಾರ್ಡಿನಲ್ಲಿ ಶಂಟಿಂಗ್ ಮಾಡಿಕೊಂಡಿರಬೇಕು. ಡಿಕ್ಕಿಯಾಗಬಾರದು.

ಜೆಎಂಆರ್‌ಐ, ರಾಕ್‌ರೈಲ್, ಐಟ್ರೈನ್, ಟ್ರೈನ್‌ಕಂಟ್ರೋಲರ್ ಎಂಬ ನಾಲ್ಕು ಹೆಸರುಗಳನ್ನು ಕೇಳಿದ್ದೇನೆ. ಪುಕ್ಕಟೆ ಎಂಬ ಕಾರಣಕ್ಕೆ ಜೆಎಂಆರ್‌ಐ ಇಳಿಸಿಕೊಂಡೆ. ಅದರ ನಕ್ಷೆ ಬರೆಯುವ ಭಾಗ ಪ್ಯಾನೆಲ್‌ಪ್ರೊ ತೆರೆದರೆ ಟರ್ನೌಟ್, ಸೆನ್ಸರ್, ಬ್ಲಾಕ್, ಸೆಕ್ಷನ್, ಟ್ರಾನ್ಸಿಟ್ ಎಂದು ಕೋಷ್ಟಕಗಳ ಮೆರವಣಿಗೆ. ಎಲ್ಲಿಂದ ಆರಂಭಿಸಬೇಕೆಂದೇ ತಿಳಿಯಲಿಲ್ಲ. ಇರುವುದು ಹಳೆಯ ವಿಂಡೋಸ್ ಲ್ಯಾಪ್‌ಟಾಪ್. ಅನುಭವಸ್ಥರು ದಾರಿ ತೋರಿಸಿ.

ಬೈಟ್‌ಬೋಗಿ (ಬೆಂಗಳೂರು)

ಜೆಎಂಆರ್‌ಐ. ಚರ್ಚೆ ಮುಗಿಯಿತು.

ಒಂಟಿಹಳಿ (ಹುಬ್ಬಳ್ಳಿ)

ಚರ್ಚೆ ಮುಗಿಯಿತು ಎಂದು ಯಾರಾದರೂ ಬರೆದ ಮೇಲೆಯೇ ಇಲ್ಲಿ ಚರ್ಚೆ ಶುರುವಾಗುವುದು.

ನೆಕ್ಕಾರ್ ತೀರ (ಸ್ಟುಟ್‌ಗಾರ್ಟ್)

ಮಲೆಗಾಡಿ ಅವರೇ, ತಂತ್ರಾಂಶದ ಹೆಸರು ಆಮೇಲೆ. ಮೊದಲು ಒಂದು ಪ್ರಶ್ನೆ. ಯಾವ ಗಾಡಿ ಎಲ್ಲಿದೆ ಎಂದು ನಿಮ್ಮ ಕಂಪ್ಯೂಟರಿಗೆ ಹೇಳುವವರು ಯಾರು? ಹಳಿಯಲ್ಲಿ ಸೆನ್ಸರ್‌ಗಳಿವೆಯೇ?

ಮಲೆಗಾಡಿ

ಒಂದೂ ಇಲ್ಲ ಮೇಡಂ. ಡಿಸಿಸಿ ಎಂದ ಮೇಲೆ ಎಂಜಿನ್ ತಾನಿರುವ ಜಾಗವನ್ನು ತಾನೇ ತಿಳಿಸುವುದಿಲ್ಲವೇ?

ನೆಕ್ಕಾರ್ ತೀರ

ಇಲ್ಲ. ಡಿಸಿಸಿಯಲ್ಲಿ ಮಾತು ಹೆಚ್ಚುಕಡಿಮೆ ಒಂದೇ ದಿಕ್ಕಿನದು. ಆಜ್ಞೆ ಕಳುಹಿಸುವ ಪೆಟ್ಟಿಗೆ, ಅಂದರೆ ಕಮಾಂಡ್ ಸ್ಟೇಷನ್, "3ನೇ ನಂಬರಿನ ಎಂಜಿನ್, ಇಷ್ಟು ವೇಗದಲ್ಲಿ ಮುಂದಕ್ಕೆ ಹೋಗು" ಎಂದು ಇಡೀ ಹಳಿಗೆ ಸಾರುತ್ತದೆ. ಆ ಎಂಜಿನ್ ಕೇಳಿಸಿಕೊಂಡಿತೋ, ಹಳಿ ತಪ್ಪಿ ಮಗುಚಿ ಬಿದ್ದಿದೆಯೋ ಅದಕ್ಕೆ ತಿಳಿಯದು. ರೈಲ್‌ಕಾಮ್ ಎಂಬ ಮರುಮಾತಿನ ಸೌಲಭ್ಯ ಇರುವ ಡಿಕೋಡರ್ (ಎಂಜಿನ್ನಿನೊಳಗೆ ಆಜ್ಞೆ ಓದುವ ಚಿಪ್) ತನ್ನ ವಿಳಾಸವನ್ನು ಹಿಂದಕ್ಕೆ ಹೇಳಬಲ್ಲದು, ನಿಜ. ಆದರೆ ಯಾವ ತುಂಡು ಹಳಿಯಿಂದ ಹೇಳುತ್ತಿದೆ ಎಂದು ತಿಳಿಯಲು ಆ ತುಂಡಿಗೇ ಒಂದು ಪತ್ತೆ ಸಾಧನ ಬೇಕು.

ಹಾಗಾಗಿ ನಿಮ್ಮ ಹಣ ಮತ್ತು ವೇಳೆಯ ದೊಡ್ಡ ಪಾಲು ಹಳಿಯ ಕೆಳಗಿನ ತಂತಿಗಳಿಗೆ ಹೋಗುತ್ತದೆ. ನೀವು ಹೇಳಿದ ನಾಲ್ಕರಲ್ಲಿ ಯಾವುದನ್ನು ತೆಗೆದುಕೊಂಡರೂ ಈ ಕೆಲಸ ತಪ್ಪಿದ್ದಲ್ಲ. ನಾನು ಮಾರ್ಕ್ಲಿನ್ ಕಂಪನಿಯ ಮೂರು ಹಳಿಯ ಪದ್ಧತಿಯವಳು. ನಮಗೆ ಇದು ಸುಲಭ: ಹೊರಗಿನ ಎರಡು ಹಳಿಗಳಲ್ಲಿ ಒಂದನ್ನು ತುಂಡು ಮಾಡಿ ಬೇರ್ಪಡಿಸಿದರೆ ಸಾಕು, ಗಾಡಿಯ ಚಕ್ರದ ಅಚ್ಚೇ ಎರಡನ್ನೂ ಬೆಸೆದು ಸಂಕೇತ ಕೊಡುತ್ತದೆ. ಅದನ್ನು ಎಸ್88 ಎಂಬ ತಂತಿ ಜಾಲದ ಮೂಲಕ ಕಂಪ್ಯೂಟರಿಗೆ ಕಳುಹಿಸುತ್ತೇವೆ. ಎರಡು ಹಳಿಯವರು ವಿದ್ಯುತ್ ಹರಿವನ್ನು ಅಳೆಯಬೇಕು, ಇಲ್ಲವೇ ಇನ್‌ಫ್ರಾರೆಡ್ ಕಣ್ಣು ಇಡಬೇಕು.

ಟೋಕನ್ ಮಾಸ್ಟರ್ (ಅರಸೀಕೆರೆ)

ಮೇಡಂ ಹೇಳಿದ್ದು ಸರಿ. ನಾನು ನಿವೃತ್ತ ಸ್ಟೇಷನ್ ಮಾಸ್ಟರ್. ನಮ್ಮ ಕಾಲದ ಸಿಂಗಲ್ ಲೈನಿನಲ್ಲಿ ಎರಡು ನಿಲ್ದಾಣಗಳ ನಡುವಿನದು ಒಂದು ಬ್ಲಾಕ್ ಸೆಕ್ಷನ್. ಅದರೊಳಗೆ ಒಂದೇ ಗಾಡಿ. ನೀಲ್ಸ್ ಬಾಲ್ ಟೋಕನ್ ಉಪಕರಣದಿಂದ ಲೋಹದ ಚೆಂಡು ಹೊರಬಂದರೆ ಮಾತ್ರ ಗಾಡಿ ಹೊರಡಬೇಕು. ಆ ಚೆಂಡು ಮುಂದಿನ ನಿಲ್ದಾಣದ ಉಪಕರಣದೊಳಗೆ ಬೀಳುವವರೆಗೆ ಇನ್ನೊಂದು ಚೆಂಡು ಈಚೆ ಬರುವುದಿಲ್ಲ. ಕಂಪ್ಯೂಟರ್ ಮಾಡುವುದೂ ಇದನ್ನೇ. ಆದ್ದರಿಂದ ಮೊದಲು ಕಾಗದದ ಮೇಲೆ ಹಳಿಯ ನಕ್ಷೆ ಬರೆದು ಬ್ಲಾಕ್‌ಗಳಾಗಿ ಹಂಚಿ. ನಿಲ್ದಾಣದ ಪ್ರತಿ ಲೈನೂ ಒಂದು ಬ್ಲಾಕ್. ಪ್ರತಿ ಬ್ಲಾಕೂ ನಿಮ್ಮ ಅತಿ ಉದ್ದದ ಗಾಡಿಗಿಂತ ಉದ್ದವಿರಲಿ. ಪಾಯಿಂಟ್‌ಗಳನ್ನು (ಹಳಿ ಕವಲೊಡೆಯುವ ಜಾಗ, ನಿಮ್ಮ ಕೋಷ್ಟಕದ ಟರ್ನೌಟ್) ಬ್ಲಾಕಿನೊಳಗೆ ಸೇರಿಸಬೇಡಿ. ಒಂದೇ ಸುತ್ತಿನಲ್ಲಿ ಎರಡು ಗಾಡಿ ಓಡಬೇಕಾದರೆ ಕನಿಷ್ಠ ಮೂರು ಬ್ಲಾಕ್ ಬೇಕು, ಒಂದು ಸದಾ ಖಾಲಿ ಇರಬೇಕು.

ಒಂಟಿಹಳಿ

ಟೋಕನ್ ಚೀಲವನ್ನು ಓಡುವ ಗಾಡಿಯಿಂದ ಬಳೆಯಂಥ ಹಿಡಿಯಿಂದ ಎತ್ತಿಕೊಳ್ಳುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಕೈಗೆ ಪೆಟ್ಟಾಗುತ್ತಿರಲಿಲ್ಲವೇ ಸರ್?

ಟೋಕನ್ ಮಾಸ್ಟರ್

ಆಗುತ್ತಿತ್ತು. ತೋಳನ್ನು ಬಿಗಿ ಹಿಡಿದರೆ ಹೆಚ್ಚು. ಬೇರೆ ಎಳೆ ತೆರೆಯಿರಿ, ಬೇಕಾದಷ್ಟು ಹೇಳುತ್ತೇನೆ.

ಬೈಟ್‌ಬೋಗಿ

ಸೆನ್ಸರ್ ಬೇಕು ಎಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ಹಣ ಕೊಡುವ ತಂತ್ರಾಂಶದ ಕಡೆಗೆ ಯಾರನ್ನೂ ತಳ್ಳಬೇಡಿ. ಜೆಎಂಆರ್‌ಐ ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್, ರಾಸ್ಪ್‌ಬೆರಿ ಪೈ ಎಲ್ಲದರಲ್ಲೂ ನಡೆಯುತ್ತದೆ. ಒಂದು ಕಂಪನಿಯ ಉಪಕರಣಕ್ಕೆ ಕಟ್ಟುಬಿದ್ದಿಲ್ಲ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ: 2008ರಲ್ಲಿ ಅಮೆರಿಕದ ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯವು ಜೇಕಬ್‌ಸನ್ ವಿರುದ್ಧ ಕ್ಯಾಟ್ಜರ್ ಪ್ರಕರಣದಲ್ಲಿ, ಮುಕ್ತ ಪರವಾನಗಿಯ ಷರತ್ತುಗಳನ್ನು ಮುರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಾಗಬಹುದು ಎಂದಿತು. ಆ ಮೊಕದ್ದಮೆ ಹುಟ್ಟಿದ್ದೇ ಜೆಎಂಆರ್‌ಐನ ಡಿಕೋಡರ್ ಕಡತಗಳಿಂದ. ಆಟಿಕೆ ರೈಲಿನ ಜಗಳ ಇಡೀ ಮುಕ್ತ ತಂತ್ರಾಂಶ ಲೋಕಕ್ಕೆ ಆಸರೆಯಾಯಿತು.

ನೆಕ್ಕಾರ್ ತೀರ

ಆಸರೆಯಾಗಲಿ, ಸಂತೋಷ. ಅದರಿಂದ ಮಲೆಗಾಡಿಯವರ ಪ್ಯಾಸೆಂಜರ್ ನಿಲ್ದಾಣದಲ್ಲಿ ನಿಲ್ಲುವುದಿಲ್ಲ. ಜೆಎಂಆರ್‌ಐನಲ್ಲಿ ಒಂದು ಗಾಡಿಯನ್ನು ತಾನಾಗಿ ಓಡಿಸಲು ಏನೇನು ಬೇಕು, ನೀವೇ ಹೇಳಿ. ಲೇಔಟ್ ಎಡಿಟರಿನಲ್ಲಿ ನಕ್ಷೆ, ಬ್ಲಾಕ್, ಸಿಗ್ನಲ್ ಮಾಸ್ಟ್, ಅವುಗಳ ತರ್ಕ, ಸೆಕ್ಷನ್, ಟ್ರಾನ್ಸಿಟ್, ಕೊನೆಗೆ ಗಾಡಿಯನ್ನು ಓಡಿಸುವ ಡಿಸ್ಪ್ಯಾಚರ್. ಟ್ರೈನ್‌ಕಂಟ್ರೋಲರಿನಲ್ಲಿ ನಕ್ಷೆ ಬರೆದು, ಬ್ಲಾಕ್ ಗುರುತಿಸಿ, ಸೆನ್ಸರ್ ಜೋಡಿಸಿ, ಗಾಡಿಯನ್ನು ಇಲ್ಲಿಂದ ಅಲ್ಲಿಗೆ ಎಳೆದು ಬಿಟ್ಟರೆ ಅದು ಹೊರಡುತ್ತದೆ. ಎಲ್ಲಿ ವೇಗ ತಗ್ಗಿಸಬೇಕು, ಎಲ್ಲಿ ನಿಲ್ಲಬೇಕು ಎಂದು ಸೆಂಟಿಮೀಟರಿನಲ್ಲಿ ಬರೆಯಬಹುದು. ಬ್ಲಾಕಿಗೆ ಒಂದೇ ಸೆನ್ಸರ್ ಸಾಕು, ಉಳಿದದ್ದನ್ನು ಲೆಕ್ಕ ಹಾಕಿಕೊಳ್ಳುತ್ತದೆ.

ವಿಂಡೋಸ್ ಬಿಟ್ಟು ಬೇರೆಡೆ ನಡೆಯುವುದಿಲ್ಲ, ಬೆಲೆ ಕೈ ಕಚ್ಚುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ಬೈಟ್‌ಬೋಗಿ

ಸೆಕ್ಷನ್‌ಗಳನ್ನು ಈಗ ಸಿಗ್ನಲ್‌ಗಳಿಂದ ಅದೇ ತಯಾರಿಸಿಕೊಡುತ್ತದೆ. ಸಿಗ್ನಲ್ ತರ್ಕವನ್ನೂ ನಕ್ಷೆ ನೋಡಿ ತಾನೇ ಕಂಡುಕೊಳ್ಳುತ್ತದೆ. ಹೆದರಿಸಬೇಡಿ. ಬೇಕಾದರೆ ಜೈಥಾನ್‌ನಲ್ಲಿ (ಜಾವಾ ಮೇಲೆ ನಡೆಯುವ ಪೈಥಾನ್) ಸ್ಕ್ರಿಪ್ಟ್ ಬರೆದು ಏನನ್ನಾದರೂ ಮಾಡಿಸಬಹುದು.

ಕುಡ್ಲದ ಕಂಬಿ (ಮಂಗಳೂರು)

ಜೈಥಾನ್ ಎಂದರೆ ಪೈಥಾನ್ 2.7ರ ಕಾಲದ್ದು ಎಂದೂ ಹೇಳಿ ಮಾರಾಯರೇ. ಆ ಪೈಥಾನ್‌ಗೆ 2020ರಲ್ಲೇ ಬೀಳ್ಕೊಡುಗೆಯಾಗಿದೆ.

ಬೈಟ್‌ಬೋಗಿ

ಗಾಡಿ ಓಡಿಸಲು ಅಷ್ಟು ಸಾಕು.

ಒಹಾಯೊ ಗೂಡ್ಸ್ (ಕೊಲಂಬಸ್)

ಅಮೆರಿಕದಲ್ಲಿ ಇದ್ದುಕೊಂಡು ನೋಡಿದರೆ ಈ ಜಗಳದ ಬೇರು ಬೇರೆ ಕಡೆ ಇದೆ. ಜರ್ಮನಿಯವರು ಗಾಡಿ ತಾನಾಗಿ ಓಡುವುದನ್ನು ಕುಳಿತು ನೋಡುವವರು. ಟ್ರೈನ್‌ಕಂಟ್ರೋಲರ್, ವಿನ್‌ಡಿಜಿಪೆಟ್ ಅಲ್ಲಿ ಬೆಳೆದದ್ದು ಅದಕ್ಕೇ. ಹ್ಯಾಂಬರ್ಗಿನ ಮಿನಿಯಾಟೂರ್ ವುಂಡರ್‌ಲಾಂಡ್ 2001ರಿಂದ ಜನರಿಗೆ ತೋರಿಸುತ್ತಿರುವುದೂ ಆ ಬಗೆಯ ಓಟವನ್ನೇ. ಇಲ್ಲಿ ನಮ್ಮ ಗೆಳೆಯರ ಕೂಟದಲ್ಲಿ ಒಬ್ಬೊಬ್ಬರೂ ಒಂದೊಂದು ಗಾಡಿಯ ಚಾಲಕ. ಫೋನಿನಲ್ಲಿ ಎಂಜಿನ್ ಡ್ರೈವರ್ ಆ್ಯಪ್ ಹಾಕಿಕೊಂಡು ಜೆಎಂಆರ್‌ಐನ ವೈಥ್ರಾಟಲ್ ಸೇವೆಗೆ ಜೋಡಿಸಿಕೊಂಡು ಓಡಿಸುತ್ತೇವೆ. ಯಾವ ವ್ಯಾಗನ್ ಯಾವ ಕಾರ್ಖಾನೆಗೆ ಹೋಗಬೇಕೆಂಬ ಪಟ್ಟಿಯನ್ನು ಜೆಎಂಆರ್‌ಐನ ಆಪರೇಷನ್ಸ್ ಭಾಗ ಮುದ್ರಿಸಿಕೊಡುತ್ತದೆ. ಆ ಕೆಲಸದಲ್ಲಿ ಅದಕ್ಕೆ ಸಾಟಿ ಇಲ್ಲ. ತಾನಾಗಿ ಓಡಿಸುವುದರಲ್ಲಿ ಅದು ಮೊದಲನೆಯದಲ್ಲ, ಒಪ್ಪಿಕೊಳ್ಳೋಣ.

ಟೋಕನ್ ಮಾಸ್ಟರ್

ತಾನಾಗಿ ಓಡುವ ಗಾಡಿಯನ್ನು ನೋಡುತ್ತ ಕೂರುವುದು ಯಾವ ಸುಖವೋ. ನಮಗಂತೂ ಅದು ಇಪ್ಪತ್ತನಾಲ್ಕು ಗಂಟೆಯ ದುಡಿಮೆಯಾಗಿತ್ತು.

ಮಲೆಗಾಡಿ

ಒಂದು ವಿಷಯ ಹೇಳುವುದನ್ನೇ ಬಿಟ್ಟಿದ್ದೆ. ನನ್ನ ಕಮಾಂಡ್ ಸ್ಟೇಷನ್ ಸ್ಟಾರ್ಟರ್ ಸೆಟ್ಟಿನ ಜೊತೆ ಬಂದದ್ದು. ಯುಎಸ್‌ಬಿ ಕಿಂಡಿಯಾಗಲಿ ನೆಟ್‌ವರ್ಕ್ ಕಿಂಡಿಯಾಗಲಿ ಅದರಲ್ಲಿಲ್ಲ. ಹೊಸದನ್ನು ತರಿಸೋಣವೆಂದರೆ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಎಂಜಿನ್ ತರಿಸುವುದೇ ಕಷ್ಟವಾಗಿರುವಾಗ ಪೆಟ್ಟಿಗೆಯನ್ನೂ ತರಿಸುವುದೆಂದರೆ!

ಕುಡ್ಲದ ಕಂಬಿ

ಈಗ ಬಂದಿರಿ ನನ್ನ ದಾರಿಗೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಗೆ ಹೋಗಿ. ಆರ್ಡುಯಿನೊ ಮೆಗಾ ಎಂಬ ಪುಟ್ಟ ನಿಯಂತ್ರಕ ಬೋರ್ಡ್ ಒಂದು, ಅದರ ಮೇಲೆ ಕೂರಿಸಿ ಹಳಿಗೆ ಕರೆಂಟ್ ಕೊಡುವ ಮೋಟಾರ್ ಶೀಲ್ಡ್ ಒಂದು, 15 ವೋಲ್ಟ್ ಆಸುಪಾಸಿನ ಒಳ್ಳೆಯ ಪವರ್ ಸಪ್ಲೈ ಒಂದು. ಡಿಸಿಸಿ-ಇಎಕ್ಸ್ ತಂತ್ರಾಂಶವನ್ನು ಅದರೊಳಗೆ ತುಂಬಿಸಿದರೆ ಕಮಾಂಡ್ ಸ್ಟೇಷನ್ ಸಿದ್ಧ. ಜೆಎಂಆರ್‌ಐ, ರಾಕ್‌ರೈಲ್, ಐಟ್ರೈನ್ ಎಲ್ಲವೂ ಅದರೊಡನೆ ಮಾತಾಡುತ್ತವೆ. ಆರ್ಡುಯಿನೊ ಮೋಟಾರ್ ಶೀಲ್ಡ್ ಆರ್3 ಒಂದು ಚಾನೆಲ್‌ಗೆ 2 ಆಂಪಿಯರ್ ಕೊಡುತ್ತದೆ, ನಿಮ್ಮ ಕೆಲವು ಎಚ್‌ಒ ಎಂಜಿನ್‌ಗಳಿಗೆ ಅದು ಸಾಕು.

ಒಂದು ಎಚ್ಚರಿಕೆ. ಆ ಶೀಲ್ಡಿನ ಹಿಂಬದಿಯಲ್ಲಿ ವಿಇನ್ ಕನೆಕ್ಟ್ ಎಂಬ ಸಣ್ಣ ತಾಮ್ರದ ಗೆರೆ ಇದೆ. ಅದನ್ನು ಚಾಕುವಿನಿಂದ ಕತ್ತರಿಸದೆ ಹಳಿಯ ವೋಲ್ಟೇಜ್ ಕೊಟ್ಟರೆ ಅದು ನೇರ ಆರ್ಡುಯಿನೊಗೆ ನುಗ್ಗುತ್ತದೆ. ಹೊಗೆ ನೋಡಿದ ಮೇಲೆ ಕತ್ತರಿಸಿ ಪ್ರಯೋಜನವಿಲ್ಲ.

ಇನ್ನೊಂದು ಮಾತು. ನಿಮಗೆ ಬೇಕಿರುವಷ್ಟಕ್ಕೆ ಕಂಪ್ಯೂಟರೇ ಬೇಕಿಲ್ಲ. ಡಿಸಿಸಿ-ಇಎಕ್ಸ್‌ನಲ್ಲೇ ಇಎಕ್ಸ್-ರೈಲ್ ಎಂಬ ಸರಳ ಆಜ್ಞಾ ಭಾಷೆ ಇದೆ. ಮುಂದಿನ ಬ್ಲಾಕನ್ನು ರಿಸರ್ವ್ ಮಾಡು, ಪಾಯಿಂಟ್ ತಿರುಗಿಸು, ಇಷ್ಟು ವೇಗದಲ್ಲಿ ಹೊರಡು, ಈ ಸೆನ್ಸರ್ ಬಂದಾಗ ನಿಲ್ಲು, ಹಿಂದಿನ ಬ್ಲಾಕನ್ನು ಬಿಟ್ಟುಕೊಡು, ಇಷ್ಟು ಹೊತ್ತು ಕಾಯಿ. ಇಷ್ಟನ್ನು ಸಾಲುಸಾಲಾಗಿ ಬರೆದು ಆರ್ಡುಯಿನೊಗೆ ತುಂಬಿಸಿಬಿಟ್ಟರೆ ಲ್ಯಾಪ್‌ಟಾಪ್ ಮುಚ್ಚಿ ಒಳಗಿಡಬಹುದು. ನನ್ನ ಹಳಿ ಓಡುವುದು ಹಾಗೆಯೇ.

ನೆಕ್ಕಾರ್ ತೀರ

ಚೆನ್ನಾಗಿದೆ. ಆದರೆ ನಾಳೆ ಒಂದು ಸೈಡಿಂಗ್ ಸೇರಿಸಿದರೆ? ಎಲ್ಲ ಸಾಲುಗಳನ್ನೂ ಮತ್ತೆ ಓದಿ ತಿದ್ದಬೇಕು. ಪರದೆಯ ಮೇಲೆ ಯಾವ ಗಾಡಿ ಎಲ್ಲಿದೆ ಎಂದು ಕಾಣುವುದೂ ಇಲ್ಲ.

ಕುಡ್ಲದ ಕಂಬಿ

ಕತ್ತೆತ್ತಿ ಹಳಿಯನ್ನು ನೋಡಿದರೆ ಕಾಣುತ್ತದಲ್ಲ.

ಒಂಟಿಹಳಿ

😀

ಮಲೆಗಾಡಿ

ಇದು ನನಗೆ ಹಿಡಿಸಿತು. ಸೆನ್ಸರ್ ಯಾವುದು? ಇನ್‌ಫ್ರಾರೆಡ್ ಮಾಡ್ಯೂಲ್‌ಗಳು ಎಸ್.ಪಿ. ರಸ್ತೆಯಲ್ಲಿ ಬಹಳ ಅಗ್ಗ.

ಬೈಟ್‌ಬೋಗಿ

ಅಗ್ಗ, ಆದರೆ ಕಿಟಕಿಯ ಬಿಸಿಲು ಬಿದ್ದ ಕೂಡಲೇ ಎಲ್ಲ ಬ್ಲಾಕಿನಲ್ಲೂ ಗಾಡಿ ಇದೆ ಎನ್ನತೊಡಗುತ್ತವೆ. ಮೇಲಾಗಿ ಅವು ಒಂದು ಬಿಂದುವನ್ನು ಮಾತ್ರ ನೋಡುತ್ತವೆ. ಗಾಡಿ ದಾಟಿತು ಎಂದು ತಿಳಿಯುತ್ತದೆ, ಬ್ಲಾಕ್ ಖಾಲಿಯಾಯಿತೇ ಎಂದು ತಿಳಿಯುವುದಿಲ್ಲ. ಕರೆಂಟ್ ಪತ್ತೆಯೇ ಒಳ್ಳೆಯದು. ಬ್ಲಾಕಿಗೆ ಹೋಗುವ ತಂತಿಯನ್ನು ಪುಟ್ಟ ಕರೆಂಟ್ ಟ್ರಾನ್ಸ್‌ಫಾರ್ಮರಿನ ಉಂಗುರದೊಳಗೆ ತೂರಿಸಿದರೆ ಆಯಿತು. ಎಂಜಿನ್ ಒಳಗಿದ್ದರೆ ಕರೆಂಟ್ ಹರಿಯುತ್ತದೆ. ನಿಂತಿದ್ದರೂ ಡಿಕೋಡರ್ ಅಷ್ಟಿಷ್ಟು ಎಳೆಯುತ್ತದೆ, ಅದನ್ನು ಹಿಡಿಯಲು ತಂತಿಯನ್ನು ಉಂಗುರಕ್ಕೆ ಕೆಲವು ಸುತ್ತು ಸುತ್ತಿ.

ಒಹಾಯೊ ಗೂಡ್ಸ್

ಬೋಗಿಗಳನ್ನು ಮರೆಯಬೇಡಿ. ಪ್ಲಾಸ್ಟಿಕ್ ಬೋಗಿ ಕರೆಂಟ್ ಎಳೆಯುವುದಿಲ್ಲ. ಕೊಂಡಿ ಕಳಚಿ ಎರಡು ಬೋಗಿ ಹಿಂದೆ ಉಳಿದರೆ ಬ್ಲಾಕ್ ಖಾಲಿ ಎಂದೇ ತಂತ್ರಾಂಶ ನಂಬುತ್ತದೆ, ಮುಂದಿನ ಗಾಡಿ ಬಂದು ಗುದ್ದುತ್ತದೆ. ಕೊನೆಯ ಬೋಗಿಯ ಒಂದು ಅಚ್ಚಿಗಾದರೂ 10 ಕಿಲೋ ಓಮ್ ರೆಸಿಸ್ಟರ್ ಅಂಟಿಸಿ. 15 ವೋಲ್ಟಿಗೆ ಒಂದೂವರೆ ಮಿಲಿಆಂಪಿಯರ್ ಹರಿಯುತ್ತದೆ. ಅಷ್ಟನ್ನು ಹಿಡಿಯುವ ಪತ್ತೆ ಸಾಧನ ಆರಿಸಿಕೊಳ್ಳಿ.

ಟೋಕನ್ ಮಾಸ್ಟರ್

ಆ ರೆಸಿಸ್ಟರ್ ನಮ್ಮ ಎಲ್‌ವಿ ಬೋರ್ಡ್ ಇದ್ದಂತೆ. ಗಾಡಿಯ ಕೊನೆಯ ಬೋಗಿಯ ಹಿಂದೆ ಎಲ್‌ವಿ (ಲಾಸ್ಟ್ ವೆಹಿಕಲ್) ಫಲಕ ಕಂಡರೆ ಮಾತ್ರ ಗಾಡಿ ಪೂರ್ತಿ ಬಂದಿದೆ ಎಂದು ಲೆಕ್ಕ. ಕಾಣದಿದ್ದರೆ ಹಿಂದಿನ ನಿಲ್ದಾಣಕ್ಕೆ ಸೆಕ್ಷನ್ ಖಾಲಿ ಎಂದು ಹೇಳುವಂತಿಲ್ಲ.

ಕುಡ್ಲದ ಕಂಬಿ

ಕರಾವಳಿಯವರಿಗೆ ಸೂಚನೆ: ಜಲ್ಲಿ ಅಂಟಿಸಿದ ಮೇಲೆ ಅಂಟು ಪೂರ್ತಿ ಒಣಗುವವರೆಗೆ ಕರೆಂಟ್ ಪತ್ತೆ ಸುಳ್ಳು ಹೇಳುತ್ತದೆ. ಒದ್ದೆ ಜಲ್ಲಿಯ ಮೂಲಕವೇ ಕರೆಂಟ್ ಸೋರುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಅದು ಒಣಗುವುದು ಯಾವಾಗ ಎಂದು ಕೇಳಬೇಡಿ.

ಘಟ್ಟದ ಬ್ಯಾಂಕರ್ (ಸಕಲೇಶಪುರ)

ತಡವಾಗಿ ಬಂದೆ. ಒಂದು ಸಂದೇಹ. ನಮ್ಮೂರಿನಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟವನ್ನು ಮಾದರಿ ಮಾಡುವ ಆಸೆ. ಸುಮಾರು 55 ಕಿ.ಮೀ., 57 ಸುರಂಗ. 1:87ಕ್ಕೆ ಇಳಿಸಿದರೂ 632 ಮೀಟರ್ ಹಳಿ ಬೇಕು, ಹಾಗಾಗಿ ಒಂದೆರಡು ಸುರಂಗ, ಒಂದು ಸೇತುವೆಗೆ ತೃಪ್ತಿಪಟ್ಟಿದ್ದೇನೆ. ಏರು ಮಾತ್ರ 50ಕ್ಕೆ 1 ಎಂದು ಅಸಲಿನಷ್ಟೇ ಇಟ್ಟಿದ್ದೇನೆ. ಹಿಂದೆ ಎರಡು ಎಂಜಿನ್ ತಳ್ಳಬೇಕು. ಇದನ್ನು ತಂತ್ರಾಂಶ ನಿಭಾಯಿಸುತ್ತದೆಯೇ?

ನೆಕ್ಕಾರ್ ತೀರ

ನಿಭಾಯಿಸುತ್ತದೆ, ಎಂಜಿನ್‌ಗಳ ವೇಗ ಒಂದಕ್ಕೊಂದು ಹೊಂದಿದ್ದರೆ. ಮೊದಲು ಪ್ರತಿ ಎಂಜಿನ್ನಿನ ಡಿಕೋಡರಿನಲ್ಲಿ, ವೇಗ ಎಷ್ಟು ನಿಧಾನ ಏರಿ ಇಳಿಯಬೇಕೆಂದು ಹೇಳುವ ಸಿವಿ 3 ಮತ್ತು ಸಿವಿ 4 ಎಂಬ ಹೊಂದಾಣಿಕೆಗಳನ್ನು ಸೊನ್ನೆಗೆ ಅಥವಾ ಅತಿ ಕಡಿಮೆಗೆ ಇಳಿಸಿ. ವೇಗ ಏರಿಸಿ ಇಳಿಸುವ ಕೆಲಸವನ್ನು ಡಿಕೋಡರೂ ತಂತ್ರಾಂಶವೂ ಒಟ್ಟಿಗೆ ಮಾಡಲು ಹೋದರೆ ಗಾಡಿ ನಿಲ್ದಾಣ ದಾಟಿ ನಿಲ್ಲುತ್ತದೆ. ಆಮೇಲೆ ಸಮತಟ್ಟಾದ ಹಳಿಯಲ್ಲಿ ವೇಗ ಅಳೆಯಿರಿ. ಎಚ್‌ಒನಲ್ಲಿ ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 19 ಸೆಂ.ಮೀ. ಎರಡು ಸೆನ್ಸರ್‌ಗಳ ನಡುವಿನ ದೂರ ಕೊಟ್ಟರೆ ಐಟ್ರೈನ್, ಟ್ರೈನ್‌ಕಂಟ್ರೋಲರ್ ಎರಡೂ ಎಂಜಿನ್ನನ್ನು ಹಿಂದೆ ಮುಂದೆ ಓಡಿಸಿ ತಾವೇ ಕೋಷ್ಟಕ ಮಾಡಿಕೊಳ್ಳುತ್ತವೆ. ಅಳೆಯುವ ಮುನ್ನ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ.

ಬೈಟ್‌ಬೋಗಿ

ಜೆಎಂಆರ್‌ಐನಲ್ಲೂ ವೇಗದ ಅಳತೆ ಇದೆ. ದಾಖಲೆಗಾಗಿ ಹೇಳಿದೆ.

ಇನ್ನೊಂದು: ಸಿವಿ 29ರಲ್ಲಿ ಡಿಸಿ (ಡಿಜಿಟಲ್ ಅಲ್ಲದ ಸಾದಾ ಕರೆಂಟಿನ) ಓಟದ ಬಿಟ್ಟನ್ನು ಆಫ್ ಮಾಡಿ. ಅದು ಚಾಲೂ ಇದ್ದರೆ, ಹಳಿಯ ಸಂಕೇತದಲ್ಲಿ ಏನಾದರೂ ಏರುಪೇರಾದಾಗ ಕೆಲವು ಡಿಕೋಡರ್‌ಗಳು ಸಾದಾ ಡಿಸಿ ಹಳಿ ಸಿಕ್ಕಿತೆಂದು ಪೂರ್ಣ ವೇಗದಲ್ಲಿ ಓಟ ಕೀಳುತ್ತವೆ. ಘಟ್ಟದ ಇಳಿಜಾರಿನಲ್ಲಿ ಅದು ಬೇಡ.

ಗೇಜ್ ಪಂಡಿತ (ಮೈಸೂರು)

ಸಕಲೇಶಪುರ ಘಟ್ಟ ಈಗ ಬ್ರಾಡ್‌ಗೇಜ್. ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ. ಭಾಗಿಸು 87 ಎಂದರೆ 19.3 ಮಿ.ಮೀ. ನಿಮ್ಮ ಎಚ್‌ಒ ಹಳಿ 16.5. ಇದು ಸಕಲೇಶಪುರ ಅಲ್ಲ, ಯುರೋಪಿನ ಯಾವುದೋ ಘಟ್ಟ.

ಘಟ್ಟದ ಬ್ಯಾಂಕರ್

ನಿಮ್ಮ ಆಗಮನವಾಗಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ಹಾಗಾದರೆ ಹಳೆಯ ಮೀಟರ್‌ಗೇಜ್ ಕಾಲದ್ದು ಮಾಡಲೇ? 12 ಮಿ.ಮೀ. ಹಳಿ ಸಿಗುತ್ತದೆ.

ಗೇಜ್ ಪಂಡಿತ

11.5 ಬರಬೇಕು. ಆದರೂ ಪರವಾಗಿಲ್ಲ, ಒಪ್ಪಬಹುದು.

ನಿರ್ವಾಹಕ

ಗೇಜ್ ಚರ್ಚೆಗೆ ಬೇರೆ ಎಳೆ ಇದೆ. ದಯವಿಟ್ಟು ಅಲ್ಲಿಗೆ.

ಮಲೆಗಾಡಿ

ಎಸ್.ಪಿ. ರಸ್ತೆಗೆ ಹೋಗಿ ಮೆಗಾ, ಶೀಲ್ಡ್ ತಂದೆ. ಕಂಬಿಯವರು ಹೇಳಿದ ಗೆರೆ ಕತ್ತರಿಸಿಯೇ ಜೋಡಿಸಿದೆ. ಫೋನಿನಿಂದ ಎಂಜಿನ್ ಓಡುತ್ತಿದೆ. ಈಗ ಕಲಿಕೆಯ ಪ್ರಶ್ನೆ. ಸೆನ್ಸರ್‌ಗಳು ಬರುವವರೆಗೆ ಕೈಕಟ್ಟಿ ಕೂರಬೇಕೇ?

ಬೈಟ್‌ಬೋಗಿ

ಬೇಡವೇ ಬೇಡ. ಜೆಎಂಆರ್‌ಐನ ಸಂಪರ್ಕ ಪಟ್ಟಿಯಲ್ಲಿ ಸಿಮ್ಯುಲೇಟರ್ ಆಯ್ದುಕೊಳ್ಳಿ. ಯಾವ ಉಪಕರಣವೂ ಬೇಕಿಲ್ಲ. ಒಂದು ಸುತ್ತು, ಒಂದು ಲೂಪ್ ಲೈನ್, ಎರಡು ಪಾಯಿಂಟ್, ಇಷ್ಟನ್ನೇ ಬರೆಯಿರಿ. ನಿಮ್ಮ ಇಡೀ ನಕ್ಷೆಯನ್ನು ಬರೆಯಲು ಹೋಗಬೇಡಿ. ಸೆನ್ಸರ್ ಗುರುತಿನ ಮೇಲೆ ಮೌಸ್ ಒತ್ತಿದರೆ ಆ ಬ್ಲಾಕಿಗೆ ಗಾಡಿ ಬಂದಂತೆ. ಹಾಗೆ ಒತ್ತುತ್ತ ಹೋಗಿ, ಸಿಗ್ನಲ್ ಬದಲಾಗುವುದನ್ನು ನೋಡಿ. ಮೊದಲ ವಾರ ಡಿಸ್ಪ್ಯಾಚರ್ ಮುಟ್ಟಬೇಡಿ. ನಿಯಮ ಬರೆಯುವ ಭಾಗವಾದ ಲಾಜಿಕ್ಸ್‌ಎನ್‌ಜಿ ಅದಕ್ಕೂ ಆಮೇಲೆ.

ನೆಕ್ಕಾರ್ ತೀರ

ಅದೇ ಪುಟ್ಟ ನಕ್ಷೆಯನ್ನು ಐಟ್ರೈನ್, ರಾಕ್‌ರೈಲ್‌ನಲ್ಲೂ ಬರೆದು ನೋಡಿ. ಐಟ್ರೈನ್‌ಗೆ ಪರೀಕ್ಷಾರ್ಥ ಪರವಾನಗಿ ಸಿಗುತ್ತದೆ. ರಾಕ್‌ರೈಲ್‌ನಲ್ಲಿ ಗಾಡಿ ಬ್ಲಾಕಿನೊಳಗೆ ಕಾಲಿಟ್ಟಿತು, ಪೂರ್ತಿ ಒಳಗೆ ಬಂದಿತು ಎಂದು ಎರಡು ಘಟನೆಗಳಿವೆ. ಇದೊಂದು ತಲೆಗೆ ಹೋದರೆ ಉಳಿದದ್ದು ಸುಲಭ. ಯಾವುದರಲ್ಲಿ ಬರೆಯುವಾಗ ನಿಮಗೆ ಕಡಿಮೆ ಸಿಟ್ಟು ಬಂತೋ ಅದನ್ನು ಇಟ್ಟುಕೊಳ್ಳಿ. ಬೈಟ್‌ಬೋಗಿಯವರ ಸಿಟ್ಟನ್ನಾಗಲಿ ನನ್ನ ಸಿಟ್ಟನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಬೈಟ್‌ಬೋಗಿ

ಇದೊಂದನ್ನು ಒಪ್ಪುತ್ತೇನೆ.

ಒಂಟಿಹಳಿ

ಇಬ್ಬರೂ ಒಪ್ಪಿದರು. ದಿನಾಂಕ ಬರೆದಿಟ್ಟುಕೊಳ್ಳಿ.

ಮಲೆಗಾಡಿ

ಹೊಸ ತೊಂದರೆ. ಕರೆಂಟ್ ಪತ್ತೆ ಎರಡು ಬ್ಲಾಕಿಗೆ ಹಾಕಿ ಜೆಎಂಆರ್‌ಐಗೆ ಜೋಡಿಸಿದೆ. ಗಾಡಿ ನಿಧಾನವಾಗಿ ಹೋಗುವಾಗ ಬ್ಲಾಕ್ ಕೆಂಪಾಗುತ್ತದೆ, ಖಾಲಿಯಾಗುತ್ತದೆ, ಮತ್ತೆ ಕೆಂಪಾಗುತ್ತದೆ. ಜೊತೆಗೆ ಲ್ಯಾಪ್‌ಟಾಪ್ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಂಪರ್ಕವೇ ಕಡಿದುಹೋಗುತ್ತದೆ.

ಕುಡ್ಲದ ಕಂಬಿ

ಮೊದಲು ಹಳಿ, ಚಕ್ರ ಒರೆಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆ ಸಾಕು. ಉಪ್ಪುಕಾಗದ ಬೇಡ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ಬೈಟ್‌ಬೋಗಿ

ಒರೆಸಿದ ಮೇಲೂ ಮಿನುಗಿದರೆ ಸೆನ್ಸರ್ ಕೋಷ್ಟಕದಲ್ಲಿ ಡಿಬೌನ್ಸ್ ಕಾಲಂ ತೆರೆಯಿರಿ. ಖಾಲಿಯಾಯಿತು ಎಂದು ಒಪ್ಪಿಕೊಳ್ಳುವ ಮುನ್ನ ಒಂದು ಸೆಕೆಂಡ್ ಕಾಯಲು ಹೇಳಿ. ಬಂದಿತು ಎನ್ನುವುದಕ್ಕೆ ತಡ ಇಡಬೇಡಿ, ಗಾಡಿ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ.

ಸಂಪರ್ಕ ಕಡಿಯುವುದು ವಿಂಡೋಸ್‌ನ ವಿದ್ಯುತ್ ಉಳಿತಾಯದಿಂದ ಇರಬಹುದು. ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಮಾಡಿ, ಯುಎಸ್‌ಬಿ ಕಿಂಡಿಯನ್ನು ಆಫ್ ಮಾಡುವ ಅನುಮತಿಯನ್ನೂ ತೆಗೆಯಿರಿ. ನಿಮ್ಮ ಮೆಗಾ ಸಿಎಚ್340 ಎಂಬ ಯುಎಸ್‌ಬಿ ಚಿಪ್ಪಿನ ನಕಲಾಗಿದ್ದರೆ ಬೇರೆ ಕಿಂಡಿಗೆ ಚುಚ್ಚಿದಾಗ ಕಾಮ್ ಪೋರ್ಟಿನ ಸಂಖ್ಯೆಯೂ ಬದಲಾಗಬಹುದು.

ನೆಕ್ಕಾರ್ ತೀರ

ಬೆಂಗಳೂರಿನಲ್ಲಿ ಕರೆಂಟ್ ಹೋದಾಗ ಏನು ಮಾಡುತ್ತೀರಿ? ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ಹಳಿ ಸತ್ತಿರುತ್ತದೆ. ಗಾಡಿ ಕಾಣೆಯಾಯಿತೆಂದು ತಂತ್ರಾಂಶ ಗಲಾಟೆ ಎಬ್ಬಿಸುತ್ತದೆ.

ಮಲೆಗಾಡಿ

ಹಳಿಯ ಪವರ್ ಸಪ್ಲೈಯನ್ನೂ ಇನ್ವರ್ಟರ್‌ಗೆ ಕೊಟ್ಟಿದ್ದೇನೆ. ಮನೆಯಲ್ಲಿ ಫ್ಯಾನಿಗಿಂತ ರೈಲಿಗೆ ಆದ್ಯತೆಯೇ ಎಂಬ ಪ್ರಶ್ನೆ ಬಂದಿದೆ, ಉತ್ತರ ಬಾಕಿ ಇದೆ.

ಒರೆಸಿದೆ, ಒಂದು ಸೆಕೆಂಡಿನ ತಡವನ್ನೂ ಇಟ್ಟೆ. ಒಳ ಸುತ್ತಿನ ಬ್ಲಾಕ್ ಸರಿಯಾಯಿತು. ನಿಲ್ದಾಣದ 2ನೇ ಲೈನ್ ಮಾತ್ರ ಗಾಡಿಯೇ ಇಲ್ಲದಾಗಲೂ ಕೆಂಪು ತೋರಿಸುತ್ತಿದೆ.

ಒಹಾಯೊ ಗೂಡ್ಸ್

ಆ ಲೈನಿನ ಎರಡೂ ತುದಿಯಲ್ಲಿ ಹಳಿಯ ಬಿರುಕು ಪೂರ್ತಿ ಕತ್ತರಿಸಿದೆಯೇ ನೋಡಿ. ಬಿಸಿಲಿಗೆ ಹಳಿ ಹಿಗ್ಗಿ ಬಿರುಕು ಮುಚ್ಚಿರಬಹುದು. ಪ್ಲಾಸ್ಟಿಕ್ ತುಂಡು ತುರುಕಿ ಅಂಟಿಸಿ.

ಟೋಕನ್ ಮಾಸ್ಟರ್

ಅದು ಸರಿಯಾಗುವವರೆಗೆ 2ನೇ ಲೈನಿಗೆ ಯಾವ ಗಾಡಿಯನ್ನೂ ತೆಗೆದುಕೊಳ್ಳಬೇಡಿ. 1 ಮತ್ತು 3ರಲ್ಲಿ ಕ್ರಾಸಿಂಗ್ ಕೊಡಿ.